ದೇಶದ ಪಾಲಿನ ವಚನ

ಕಾರ್ಡುಗಳಿದ್ದ ಬೆತ್ತದ ತಟ್ಟೆ ಚರ್ಚಿನ ಮೂರನೆಯ ಸಾಲಿಗೆ ಬಂದಾಗ ಆಶ್ರಿತಾ ಕಣ್ಣು ಮುಚ್ಚಿಕೊಂಡೇ ಕೈ ಹಾಕಿದಳು. ಬೆರಳಿಗೆ ಎರಡು ಕಾರ್ಡು ಸಿಕ್ಕವು. ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಇದಕ್ಕೆ ಮುಂಚೆ ಎರಡು ಸಲ ನಿಲ್ಲದೆ ಹೋಗಿದ್ದ ಬಸಿರು.

"ಏನ್ ಬಂತು, ಓದು," ಅಂದಳು ಪಕ್ಕದಲ್ಲಿದ್ದ ಕೋಕಿಲಾ, ಮೆಲ್ಲಗೆ.

ಆಶ್ರಿತಾ ಓದಿದಳು. ಮತ್ತೊಂದು ಸಲ ಓದಿದಳು. ಆಮೇಲೆ ಕಾರ್ಡನ್ನು ಹಾಡಿನ ಪುಸ್ತಕದೊಳಗೆ ಇಟ್ಟು ಮುಚ್ಚಿ, ಎದುರಿಗಿದ್ದ ಬೆಂಚಿನ ಹಿಂಬದಿಯನ್ನು ನೋಡುತ್ತ ಕೂತಳು. ಕೋಕಿಲಾ ಪುಸ್ತಕ ತೆಗೆದು ನೋಡಿದಳು. ಆ ದಿನಗಳಲ್ಲಿ ಬಸುರಿಯರ ಗತಿ, ಹಾಲೂಡಿಸುವವರ ಗತಿ ಏನೆಂದು ಹೇಳಲಿ, ಅಯ್ಯೋ, ಎಂದಿತ್ತು. ಸುತ್ತಲೂ ಬಂಗಾರದ ಬಣ್ಣದ ಅಂಚು, ಮೂಲೆಯಲ್ಲಿ ಒಂದು ಗುಲಾಬಿ ಹೂವು.

ಮರ್ಫಿ ಟೌನಿನ ಆ ಸಣ್ಣ ಕನ್ನಡ ಸಭೆಯಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಮನೆಗೊಂದು ವಾಗ್ದಾನದ ಕಾರ್ಡು ಎತ್ತಿಕೊಳ್ಳುವುದು ರೂಢಿ. ಬಂದ ವಚನಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ವರ್ಷಪೂರ್ತಿ ಅದೇ ಆ ಮನೆಗೆ ದೇವರು ಕೊಟ್ಟ ಮಾತು. ಮಗನಿಗೆ ಕೆಲಸ ಸಿಕ್ಕರೆ ವಚನ ನೆರವೇರಿತು ಎಂದು ಸಾಕ್ಷಿ ಹೇಳುತ್ತಾರೆ, ಸಿಗದಿದ್ದರೆ ಡಿಸೆಂಬರಿನಲ್ಲಿ ಸದ್ದಿಲ್ಲದೆ ಇಳಿಸುತ್ತಾರೆ. ಕಾರ್ಡುಗಳಲ್ಲಿ ಇರುವುದೆಲ್ಲ ಒಳ್ಳೆಯ ಮಾತೇ. ಅಯ್ಯೋ ಅನ್ನುವ ಮಾತು ಆ ತಟ್ಟೆಯಲ್ಲಿ ಯಾವತ್ತೂ ಬಂದದ್ದಿಲ್ಲ.

ಮನೆಗಳದ್ದು ಮುಗಿದ ಮೇಲೆ ದೇಶಕ್ಕೆಂದು ಒಂದು ಕಾರ್ಡನ್ನು ಸಭಾಪಾಲಕರೇ ಎತ್ತುತ್ತಾರೆ. ಅದು ಬೇರೆ ಲಕೋಟೆಯಲ್ಲಿರುತ್ತದೆ. ಸಭಾಪಾಲಕರು ಲಕೋಟೆಯೊಳಗೆ ಎರಡು ಬೆರಳು ಹಾಕಿ ತಡಕಿದರು. ಖಾಲಿ. ಹಾರ್ಮೋನಿಯಂ ಪಕ್ಕದಲ್ಲಿ ಕೂತಿದ್ದ ಜಯಂತ, ಅಂದರೆ ಕೋಕಿಲಾಳ ಗಂಡ, ಅರ್ಧ ಎದ್ದು ನಿಂತ. ಪ್ರತಿ ವರ್ಷ ವಚನ ಆರಿಸಿ, ಶಿವಾಜಿನಗರದಲ್ಲಿ ಕಾರ್ಡು ಅಚ್ಚು ಹಾಕಿಸಿ ತರುವವನು ಅವನೇ. ಅಷ್ಟರಲ್ಲಿ ಸಭಾಪಾಲಕರು ನಗುತ್ತ, ತಟ್ಟೆಯಲ್ಲಿ ಉಳಿದದ್ದರಲ್ಲೇ ಒಂದನ್ನು ಎತ್ತಿ ಓದಿಬಿಟ್ಟರು. ನೀನು ತಲೆಯಾಗುವೆ, ಬಾಲವಾಗುವುದಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಜಯಂತ ಕೂತುಕೊಂಡ. ಅವನು ಚಪ್ಪಾಳೆ ತಟ್ಟಲಿಲ್ಲ.

ಅಂಗಳದಲ್ಲಿ ಚಹಾ, ಕೇಕು ನಡೆಯುತ್ತಿತ್ತು. ರಾಮು ಕಾರ್ಡು ಬೀಸುತ್ತ ಜಯಂತನ ಹತ್ತಿರ ಬಂದ. ಚರ್ಚಿನ ದಾಖಲೆಯಲ್ಲಿ ರೇಮಂಡ್, ಬೀದಿಯ ಬಾಯಲ್ಲಿ ರಾಮು. ಎರಡಂತಸ್ತಿನ ಮನೆಯ ಮೇಲೆ ಮೂರನೆಯದು ಕಟ್ಟಿಸುತ್ತಿದ್ದ.

"ಬ್ರದರ್, ಈ ಸಲ ದೇವ್ರು ಸುತ್ತಿ ಬಳಸಿ ಮಾತಾಡಿಲ್ಲ, ಡೈರೆಕ್ಟಾಗಿ ನನ್ ಮ್ಯಾಟರಿಗೇ ಬಂದ್ಬಿಟ್ಟ ನೋಡಿ! ನೀನು ಮನೆ ಕಟ್ಟುವಿ, ಬೇರೆಯವರು ಅದರಲ್ಲಿ ವಾಸಿಸುವರು. ಇನ್ನೂ ಟೂಲೆಟ್ ಬೋರ್ಡೇ ಹಾಕಿಲ್ಲ, ಆಗ್ಲೇ ಬಾಡಿಗೆಯವರನ್ನ ಕಳಿಸ್ತಾ ಇದ್ದಾನೆ!"

ಜಯಂತ ಲೋಟವನ್ನು ಕಟ್ಟೆಯ ಮೇಲಿಟ್ಟು ಕೈ ಚಾಚಿದ. "ರಾಮು, ಅದನ್ನ ನಂಗೆ ಕೊಡು. ಬ್ಯಾರೆ ಕೊಡ್ತೀನಿ."

"ಯಾಕ್ ಬ್ರದರ್? ಎತ್ಕೊಂಡಿದ್ದು ಎತ್ಕೊಂಡಿದ್ದೇ. ನಾಳೆ ಲ್ಯಾಮಿನೇಷನ್."

ಅದು ಶಾಪದ ವಚನ ಎಂದು ಹಬ್ಬದ ದಿನ ಅಂಗಳದಲ್ಲಿ ನಿಂತು ಹೇಗೆ ಹೇಳುವುದು? ಜಯಂತ ಗೇಟಿನ ಕಡೆ ತಿರುಗಿ ಅಂಥದೇ ಇನ್ನೊಂದು ಕಾರ್ಡು ಯಾರ ಕೈ ಸೇರಿತು ಎಂದು ಹುಡುಕಿದ. ಆಶ್ರಿತಾ ಚಹಾ ಮುಟ್ಟದೆ ಆಟೋ ಹತ್ತಿಯಾಗಿತ್ತು.

ಇದರ ಬೇರು ಡಿಸೆಂಬರಿನಲ್ಲಿತ್ತು. ಕೆ.ಆರ್. ಪುರಂ ಕಡೆ ಒಂದು ಕೆರೆಯಂಚಿನಲ್ಲಿ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳನ್ನು ಒಂದು ಬೆಳಗ್ಗೆ ಯಂತ್ರ ತಂದು ಎತ್ತಿಹಾಕಿದ್ದರು. ಬಸ್ಸಿನಲ್ಲಿ ಹೋಗುತ್ತಿದ್ದ ಜಯಂತ ಕಿಟಕಿಯಿಂದ ನೋಡಿದ್ದ. ಪಾತ್ರೆಯ ರಾಶಿಯ ಮೇಲೆ ಒಬ್ಬ ಹೆಂಗಸು ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಸೆರಗು ಎಳೆದುಕೊಳ್ಳಲು ಮರೆಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಬಸ್ಸಿನವರೆಲ್ಲ ನೋಡಿದರು, ಬಸ್ಸು ಮುಂದೆ ಹೋಯಿತು. ಆ ವಾರದ ಬೈಬಲ್ ಅಧ್ಯಯನದಲ್ಲಿ ಅವನು ಆ ಮಾತು ತೆಗೆದ. ಹುಬ್ಬಳ್ಳಿಯಿಂದ ಬಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದರೂ ಮನಸ್ಸು ಕಾವೇರಿದಾಗ ಅವನ ಬಾಯಿಗೆ ಊರಿನ ಮಾತೇ ಬರುತ್ತಿತ್ತು.

"ಆಶೀರ್ವಾದ, ಶಾಪ ಎರಡನ್ನೂ ಮೋಶೆ ಒಂದೇ ಎಲಿ ಮ್ಯಾಲೆ ಬಡಿಸಿದ್ದು. ಸಿಹಿ ನಮ್ಗೆ, ಕಹಿ ಯೆಹೂದ್ಯರಿಗೆ ಅಂದ್ರೆ ಹ್ಯಾಂಗ್ರಿ? ಆಶೀರ್ವಾದ ಕಾರ್ಡಿಗೆ ಹಾಕಿ ಗ್ವಾಡಿಗೆ ತೂಗಹಾಕ್ತೀವಿ. ಎಚ್ಚರಿಕೆ ಯಾರ್ ಗ್ವಾಡಿಗೆ?"

"ಬ್ರದರ್, ಆ ಬೆಟ್ಟದ ಕೆಳಗೆ ನಿಂತು ದೇವ್ರ ಒಪ್ಪಂದಕ್ಕೆ ಹೂಂ ಅಂದೋರು ಅವ್ರು," ಎಂದಿದ್ದ ರಾಮು. "ಮರ್ಫಿ ಟೌನಿಂದ ಯಾರ್ ಹೋಗಿದ್ರು ಹೇಳಿ?"

ಎಲ್ಲರೂ ನಕ್ಕಿದ್ದರು.

"ಯೆಹೂದ್ಯರಲ್ಲದ ನಿನೆವೆ ಪಟ್ಟಣದವ್ರು ಹೋಗಿದ್ರೇನು? ಅವ್ರಿಗೂ ಪ್ರವಾದಿ ಕಳಿಸಿದ್ದ. ಸುತ್ತಮುತ್ತಲ ರಾಜ್ಯಗಳಿಗೂ ಲೆಕ್ಕ ಕೇಳಿದ್ದ. ಬಡವರಿಗೆ ಮಾಡಿದ ಅನ್ಯಾಯಕ್ಕ ಒಪ್ಪಂದ ಬೇಕಾಗಿಲ್ಲ."

ಸಭಾಪಾಲಕರು ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ್ದರು. "ದೇಶಕ್ಕೋಸ್ಕರ ಪ್ರಾರ್ಥನೆ ಮಾಡೋಣ ಬ್ರದರ್, ಅಷ್ಟು ಸಾಕು. ಇವ್ರು ದೇಶಕ್ಕೆ ಶಾಪ ಹಾಕ್ತಾರೆ ಅಂತ ಯಾರಾದ್ರೂ ಫೋನಲ್ಲಿ ಹಾಕಿದ್ರೆ, ನಾಳೆ ಈ ಗೇಟ್ ಮುಂದೆ ಯಾರ್ಯಾರು ಬಂದು ನಿಲ್ತಾರೋ."

ಜಯಂತ ಬೈಬಲ್ ಮುಚ್ಚಿದ. ಆದರೆ ದೇಶದ ಪಾಲಿಗೆಂದು ಈ ವರ್ಷ ಎರಡೇ ಕಾರ್ಡು ಬರೆಸಿದ, ಎರಡೂ ಎಚ್ಚರಿಕೆಯವು. ಸಭಾಪಾಲಕರು ಯಾವುದನ್ನು ಎತ್ತಿದರೂ ಓದಲೇಬೇಕು, ಎದ್ದು ಹೋಗಲಾಗುವುದಿಲ್ಲ ಎಂಬುದು ಅವನ ಲೆಕ್ಕ.

ಜೋಗುಪಾಳ್ಯದ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದ. "ಮೇಜಿನ ಮ್ಯಾಲಿನ ಲಕೋಟೆ ಯಾರ್ ಮುಟ್ಟಿದ್ರು?"

"ನಾನೇ," ಅಂದಳು ಕೋಕಿಲಾ. "ಊಟಕ್ಕೆ ಮೇಜು ಖಾಲಿ ಮಾಡ್ಬೇಕಿತ್ತು. ಎರಡು ಕಾರ್ಡು ಮಿಕ್ಕಿದೆ ಅಂದ್ಕೊಂಡು ಎಲ್ಲದರ ಜೊತೆ ಸೇರಿಸ್ದೆ. ಲಕೋಟೆ ಅಲ್ಲೇ ಇಟ್ಟೆ."

"ಓದ್ಲಿಲ್ಲೇನು?"

"ನಾನ್ಯಾಕೆ ಓದ್ಲಿ? ಎತ್ತೋಕೆ ಮುಂಚೆ ಯಾರೂ ಓದಬಾರದು ಅಂತ ರೂಲ್ ಮಾಡಿದ್ದು ನೀವೇ ತಾನೆ."

ಅದು ನಿಜ. ಆ ಮನೆಯಲ್ಲಿ ಕಾರ್ಡುಗಳು ಜನವರಿ ಒಂದರವರೆಗೆ ಬೋರಲಾಗಿಯೇ ಇರುತ್ತಿದ್ದವು. ಜಯಂತ ಕುರ್ಚಿಗೆ ಕುಸಿದ. ಗೋಡೆ ನೋಡುತ್ತ, "ಯಾರಿಗ್ಗೊತ್ತು. ನಿನ್ನ ಕೈಲಿ ಅವನೇ ಹಾಕ್ಸಿರಬಹುದು," ಎಂದ.

"ಆ ಹುಡುಗಿಗೆ ಬಂದಿದ್ದೂ ಅವನೇ ಹಾಕ್ಸಿದ್ದಾ? ಹಾಗಂತ ಅವಳ ಮುಖ ನೋಡಿ ಹೇಳ್ತೀರಾ ನೀವು?"

ಅವನು ಆಶ್ರಿತಾಳಿಗೆ ಫೋನು ಮಾಡಿದ. ತಪ್ಪಾಗಿ ಬೆರೆತದ್ದು ಮಗಳೇ, ದೇಶಕ್ಕೆ ಅಂತ ಬರೆಸಿದ್ದು, ನಿನಗಲ್ಲ, ಬೇರೆ ಕಾರ್ಡು ತಂದುಕೊಡುತ್ತೇನೆ ಎಂದ. "ಸರಿ ಅಂಕಲ್. ಥ್ಯಾಂಕ್ಯೂ ಅಂಕಲ್," ಅಂದಳು ಆಶ್ರಿತಾ. ಸ್ಪೀಕರಿನಲ್ಲಿ ಕೇಳುತ್ತಿದ್ದ ಕೋಕಿಲಾಳಿಗೆ ಆ ಮರ್ಯಾದೆ ಹಿಡಿಸಲಿಲ್ಲ. ಸಂಡೇ ಸ್ಕೂಲಿನಲ್ಲಿ ತನ್ನೆದುರು ಕೂತು ಬೆಳೆದ ಹುಡುಗಿ, ಆ ಮಾತು ನಂಬಿದ್ದರೆ ಎರಡು ಮಾತು ಜಗಳ ಆಡುತ್ತಿದ್ದಳು.

ಭಾನುವಾರ ಪ್ರಕಟಣೆಗಳ ಹೊತ್ತಿನಲ್ಲಿ ಜಯಂತ ಎದ್ದು ನಿಂತು ಆದದ್ದನ್ನು ಹೇಳಿದ. ಎರಡು ವಚನಗಳನ್ನೂ ಓದಿದ. ಇವು ನಮ್ಮೆಲ್ಲರಿಗೆ, ಈ ದೇಶಕ್ಕೆ, ಎಂದ. ಯಾರೂ ಆಮೆನ್ ಅನ್ನಲಿಲ್ಲ. ಹಿಂದಿನ ಬೆಂಚಿನಲ್ಲಿ ಒಂದು ಮಗು ಕೆಮ್ಮಿತು. ಸಭಾಪಾಲಕರು ಬೇಗ ಹಾಡು ಹೇಳಿಸಿದರು. ಹೊರಗೆ ಬಂದಾಗ ರಾಮು ಅವನನ್ನು ಮಾತಾಡಿಸದೆ ಸ್ಕೂಟರು ಹತ್ತಿದ. ಕಾರ್ಡನ್ನು ಮಾತ್ರ ವಾಪಸು ಕೊಡಲಿಲ್ಲ, ಆಗಲೇ ಹಣ ಕೊಟ್ಟು ಲ್ಯಾಮಿನೇಷನ್ ಮಾಡಿಸಿದ್ದನಂತೆ. ಆಶ್ರಿತಾ ಆ ದಿನ ಬಂದಿರಲಿಲ್ಲ.

ಮಂಗಳವಾರ ಅವಳ ಗಂಡನ ಫೋನು ಬಂತು. ಗುರುಕಿರಣ ದಾವಣಗೆರೆ ಕಡೆಯ ಲಿಂಗಾಯತರ ಹುಡುಗ, ವಿಮಾ ಕಂಪನಿಯ ಆಫೀಸಿನಲ್ಲಿ ಕೆಲಸ. ಮದುವೆಯಾದ ಮೇಲೆ ಆಶ್ರಿತಾಳ ತಂದೆತಾಯಿ ಮನೆ ಮೆಟ್ಟಿಲು ಹತ್ತಿರಲಿಲ್ಲ, ಹಾಗಾಗಿ ಕಷ್ಟ ಬಂದರೆ ಅವನು ಕರೆಯುವುದು ಕೋಕಿಲಾಳನ್ನೇ.

"ಆಂಟಿ, ಇಕಿ ಊಟ ಬಿಟ್ಟಾಳ. ಇಪ್ಪತ್ತೊಂದು ದಿನ ಉಪವಾಸ ಅಂತ. ಸಂಜಿಗೆ ಒಂದು ಲೋಟ ಹಾಲು, ಅಷ್ಟೇ. ನಿನ್ನೆ ಡಾಕ್ಟ್ರು ಮಗೂದು ತೂಕ ಏರಿಲ್ಲ, ಹಿಂಗ ಬಿಟ್ರೆ ಉಳಿಯಲ್ಲ ಅಂದ್ರು. ನಾ ಏನ್ ಹೇಳಿದ್ರೂ, ನಿಂಗೆ ಗೊತ್ತಾಗಲ್ಲ ಅಂತಾಳ. ಖರೇನ, ನಂಗೆ ಗೊತ್ತಾಗಲ್ಲ. ಗೊತ್ತಾಗೋರು ಒಬ್ರು ಬರ್ರಿ."

ಜಯಂತ ಅಂಗಿ ಹಾಕಿಕೊಳ್ಳತೊಡಗಿದ. "ನೀವು ಬೇಡ," ಅಂದಳು ಕೋಕಿಲಾ. "ನೀವು ಬಂದ್ರೆ ನಿನೆವೆ ಶುರುವಾಗುತ್ತೆ." ಬಿಸಿ ಅನ್ನ, ನುಗ್ಗೆಸೊಪ್ಪಿನ ಪಲ್ಯ, ಎರಡು ಬೇಯಿಸಿದ ಮೊಟ್ಟೆ ಡಬ್ಬಿಗೆ ತುಂಬಿಕೊಂಡು ಬಾಣಸವಾಡಿ ಮೇಲೆ ಹೋಗುವ ಬಸ್ಸು ಹಿಡಿದಳು.

ಕಲ್ಯಾಣ ನಗರದ ಆ ಮನೆಯಲ್ಲಿ ಪರದೆ ಎಳೆದಿತ್ತು. ಆಶ್ರಿತಾ ಸೋಫಾದ ಮೂಲೆಯಲ್ಲಿ ಕೂತಿದ್ದಳು. ಕೆನ್ನೆ ಒಳಗೆ ಹೋಗಿ, ಹೊಟ್ಟೆ ಬೇರೆ ಯಾರದ್ದೋ ತಂದು ಇಟ್ಟಂತೆ ಕಾಣುತ್ತಿತ್ತು. ಗುರುಕಿರಣ ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದ.

"ಅಂಕಲ್ ಹೇಳಿದ್ರಲ್ಲಮ್ಮ, ಅದು ದೇಶದ್ದು ಅಂತ. ನಾನೇ ಸೇರಿಸಿಬಿಟ್ಟೆ. ಬೈಯೋದಿದ್ರೆ ನನ್ನ ಬೈ. ಊಟ ಯಾಕ್ ಬಿಡ್ತೀಯ?"

"ದೇಶ ಅಂದ್ರೆ ಯಾರು ಆಂಟಿ?" ದನಿ ಸಣ್ಣದಾಗಿತ್ತು. "ಶಿಕ್ಷೆ ಬಂದ್ರೆ ಯಾರ್ದಾದ್ರೂ ಒಬ್ರ ಮನೆ ಬಾಗಿಲಿಗೇ ತಾನೆ ಬರಬೇಕು. ಅಂಕಲ್ ಹೇಳ್ತಿದ್ರಲ್ಲ, ರೋಡಲ್ಲಿ ಕೂತಿದ್ದ ಹೆಂಗಸು. ಮೊದಲು ಅವಳಿಗೆ ಬಂತು. ಈಗ ನಂಗೆ."

ಕೋಕಿಲಾ ಡಬ್ಬಿಯ ಮುಚ್ಚಳ ತೆಗೆದಳು.

"ನಿನೆವೆಯಲ್ಲಿ ರಾಜನಿಂದ ಹಿಡಿದು ದನಕರುಗಳವರೆಗೂ ಉಪವಾಸ ಇದ್ರು," ಅಂದಳು ಆಶ್ರಿತಾ. "ಆಮೇಲೆ ದೇವರು ಮನಸ್ಸು ಬದಲಾಯಿಸ್ದ. ನೀವೇ ಹೇಳ್ಕೊಟ್ಟಿದ್ದು."

"ಬಸುರಿಯರೂ ಉಪವಾಸ ಇದ್ರು ಅಂತ ಹೇಳ್ಕೊಟ್ಟಿದ್ನಾ?"

"ಎಲ್ರೂ ಅಂದ್ರೆ ಎಲ್ರೂ ತಾನೆ. ಅಪ್ಪನೂ ಹೇಳಿದ್ರು ಆಂಟಿ, ಬೇರೆಯವರನ್ನ ಮದುವೆಯಾದ್ರೆ ಏನಾಗುತ್ತೆ ಅಂತ ಬರೆದಿದೆ ಅಂತ. ಎರಡು ಸಲ ಹೋದಾಗಲೇ ಅರ್ಥ ಮಾಡ್ಕೋಬೇಕಿತ್ತು."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು.

"ಮೆಲ್ಲಗೆ ಮಾತಾಡು," ಅಂದಳು ಕೋಕಿಲಾ. "ಆ ಹುಡುಗ ಕೇಳಿಸ್ಕೊಳ್ತಾ ಇದ್ದಾನೆ. ಅವನೇನು ನಿಂಗೆ ಶಾಪವಾಗಿ ಬಂದಿದ್ದಾನಾ? ತಟ್ಟೆಗೆ ಎರಡು ಕಾರ್ಡು ಹಾಕಿದ್ದು ಈ ಕೈ. ಅದರಲ್ಲಿ ಒಂದು ನಿನ್ನ ಬೆರಳಿಗೆ ತಾಗಿತು. ಅಷ್ಟೇ ಕಥೆ."

"ಹಾಗಾದ್ರೆ ಹೋದ ವರ್ಷ ನಿಮಗೆ ಬಂದಿದ್ದೂ ಅಷ್ಟೇನಾ?"

ಆಶ್ರಿತಾ ಇದನ್ನು ಚುಚ್ಚಬೇಕೆಂದು ಕೇಳಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. ಹೋದ ವರ್ಷದ ಮೊದಲ ದಿನ, ಎದೆಯ ಗೆಡ್ಡೆಯ ಆಪರೇಷನ್ನಿನ ಹೊಲಿಗೆ ಇನ್ನೂ ಒಣಗದಿದ್ದಾಗ, ಕೋಕಿಲಾ ಎತ್ತಿಕೊಂಡ ಕಾರ್ಡಿನಲ್ಲಿ, ನೀನು ಸಾಯುವುದಿಲ್ಲ, ಬದುಕುವಿ, ಎಂದಿತ್ತು. ಸಭೆಯೆಲ್ಲ ಅತ್ತಿತ್ತು. ಆಮೇಲೆ ಕೂದಲು ಉದುರಿತು, ಮತ್ತೆ ಬಂತು. ಪ್ರತಿ ತಪಾಸಣೆಯಲ್ಲೂ ಡಾಕ್ಟರು ತಲೆಯಾಡಿಸಿದರು. ಸಾಕ್ಷಿ ಹೇಳುವಾಗ ಜನ ಕೋಕಿಲಾಳ ಕಡೆ ಬೆರಳು ತೋರಿಸುತ್ತಿದ್ದರು. ಅವಳೂ ರಾತ್ರಿ ನಿದ್ದೆ ಬಾರದಾಗ ಆ ಮಾತನ್ನೇ ತಲೆದಿಂಬಿನಂತೆ ಇಟ್ಟುಕೊಂಡು ಮಲಗಿದ್ದಳು. ಮುಂದಿನ ಸ್ಕ್ಯಾನು ಬರುವ ಶುಕ್ರವಾರವಿತ್ತು.

ನಂದು ಬೇರೆ, ನಿಂದು ಬೇರೆ ಎಂದುಬಿಡಬಹುದಿತ್ತು. ಆದರೆ ಹುಡುಗಿ ಡಬ್ಬಿಯ ಕಡೆ ನೋಡಲೂ ಇಲ್ಲ. ಹಬೆ ಆರುತ್ತಿತ್ತು.

"ಬಾಲಮ್ಮ ಗೊತ್ತಲ್ಲ ನಿಂಗೆ," ಅಂದಳು ಕೋಕಿಲಾ.

"ಹಲಸೂರಿನ ಬಾಲಮ್ಮಾಂಟಿ. ತೀರ್ಕೊಂಡ್ರಲ್ಲ, ಆಗಸ್ಟಲ್ಲಿ."

"ಅವಳಿಗೂ ನಂದೇ ಕಾಯಿಲೆ. ಅದೇ ವಾರ್ಡು. ಅಂಕಲ್ ಚೆನ್ನಾಗಿರೋ ವಚನಗಳನ್ನ ಎರಡೆರಡು ಮಾಡಿಸ್ತಾರೆ, ಮನೆ ಜಾಸ್ತಿ, ವಚನ ಕಮ್ಮಿ ಅಂತ. ಅವತ್ತು ಅಂಗಳದಲ್ಲಿ ಬಾಲಮ್ಮ ಅವಳ ಕಾರ್ಡು ತಂದು ನನ್ನದರ ಪಕ್ಕ ಹಿಡಿದ್ಲು. ಎರಡೂ ಒಂದೇ. ನೋಡು ಕೋಕಿಲಾ, ಇಬ್ಬರಿಗೂ ಒಂದೇ ಟಿಕೆಟ್ಟು ಕೊಟ್ಟಿದ್ದಾನೆ, ಜೊತೇಲೇ ಇಳಿಯೋಣ ಅಂತ ನಕ್ಕಳು."

ಆಶ್ರಿತಾ ಅವಳನ್ನೇ ನೋಡುತ್ತಿದ್ದಳು.

"ಪೆಟ್ಟಿಗೆ ಮುಚ್ಚೋಕೆ ಮುಂಚೆ ಅವಳ ಮಗಳು ಆ ಕಾರ್ಡನ್ನ ತಾಯಿ ಎದೆ ಮೇಲೆ ಇಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ. ಓದಿದೆ. ಬಂದು ಅಂಕಲ್‌ಗೂ ಹೇಳ್ಲಿಲ್ಲ. ನಂಗೆ ನಾನೇ ಹೇಳ್ಕೊಳ್ಲಿಲ್ಲ." ಕೋಕಿಲಾ ಅನ್ನವನ್ನು ತಟ್ಟೆಗೆ ಬಡಿಸಿ, ಪಲ್ಯ ಕಲಸತೊಡಗಿದಳು. "ಅವಳದ್ದು ಬರೀ ಕಾಗದ ಆಗಿದ್ರೆ ನಂದೂ ಬರೀ ಕಾಗದ. ನಂದು ಕಾಗದ ಆಗಿದ್ರೆ ನಿಂದೂ ಅಷ್ಟೇ. ಬಾಯಿ ತೆಗಿ."

"ಹಾಗಾದ್ರೆ ದೇವರು ಏನೂ ಹೇಳೋದೇ ಇಲ್ವಾ ಆಂಟಿ?"

"ಹೇಳ್ತಾನೋ ಏನೋ. ಅಂಕಲ್ ಅಷ್ಟು ದೊಡ್ಡ ದೇಶಕ್ಕೆ ಏನೋ ಬರ್ತಾ ಇದೆ ಅಂತಾರೆ. ಅವರು ಸುಳ್ಳು ಹೇಳೋರಲ್ಲ. ಬಂದ್ರೂ ಬರಬಹುದು. ಬರೋ ದಿನ ಈ ಮಗೂಗೆ ಮೈಯಲ್ಲಿ ಒಂದಿಷ್ಟು ಮಾಂಸ ಇರಲಿ. ತೆಗಿ ಬಾಯಿ."

ಮೊದಲ ತುತ್ತು ಬಹಳ ಹೊತ್ತು ಬಾಯಲ್ಲೇ ಉಳಿಯಿತು. ಎರಡನೆಯದು ಬೇಗ ಇಳಿಯಿತು. ಮೊಟ್ಟೆ ಮುರಿಯುವಾಗ ಆಶ್ರಿತಾ ಅಳುತ್ತಿದ್ದಳು, ಆದರೆ ಅಗಿಯುವುದನ್ನು ನಿಲ್ಲಿಸಲಿಲ್ಲ. ಗುರುಕಿರಣ ಬಾಗಿಲಲ್ಲಿ ಬಂದು ನಿಂತ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಉಪ್ಪಿನಕಾಯಿ ಕೊಡ್ಲೇನು?" ಎಂದ.

"ಕೊಡಪ್ಪ," ಅಂದಳು ಕೋಕಿಲಾ. "ಮೊಸರೂ ತಾ."

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಖಾಲಿ ಡಬ್ಬಿ ಮಡಿಲಲ್ಲಿತ್ತು. ಆಡಿದ ಮಾತು ಹುಡುಗಿಯ ಹೊಟ್ಟೆಗೆ ಅನ್ನವಾಗಿ ಇಳಿದದ್ದೇನೋ ನಿಜ. ಆದರೆ ಆಡಿದ ಮೇಲೆ ಅದು ತನ್ನೊಳಗೂ ಇಳಿದಿತ್ತು. ಅಭ್ಯಾಸದಂತೆ ಆ ವಚನವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ಹೋದಳು. ಅರ್ಧಕ್ಕೆ ಬಾಲಮ್ಮನ ನಗು ಬಂತು. ಮತ್ತೊಮ್ಮೆ ಮೊದಲಿನಿಂದ ಶುರುಮಾಡಿದಳು. ಲಿಂಗರಾಜಪುರದ ಸೇತುವೆ ಇಳಿದೊಡನೆ ಬಸ್ಸು ನಿಂತೇಬಿಟ್ಟಿತು, ಮುಂದೆ ಯಾವುದೋ ಮೆರವಣಿಗೆ. ಡೋಲು, ಬಾವುಟ, ಒಂದೇ ಘೋಷಣೆಯನ್ನು ಮತ್ತೆ ಮತ್ತೆ ಕೂಗುತ್ತಿದ್ದ ಹುಡುಗರು. ಅಂಗಡಿಯವರು ಅರ್ಧ ಷಟರು ಎಳೆದು, ಬಗ್ಗಿ ಹೊರಗೆ ನೋಡುತ್ತಿದ್ದರು. ಡ್ರೈವರು ಇಂಜಿನು ಆರಿಸಿದ.

"ಏನ್ ಹೇಳ್ದಿ ಅವಳಿಗೆ?" ಎಂದು ಮನೆಯಲ್ಲಿ ಜಯಂತ ಕೇಳಿದ್ದಕ್ಕೆ, "ಊಟ ಮಾಡು ಅಂದೆ," ಎಂದಷ್ಟೇ ಹೇಳಿದಳು.

ಬುಧವಾರ ಮಧ್ಯಾಹ್ನ, ಗುರುವಾರ ಮಧ್ಯಾಹ್ನ ಗುರುಕಿರಣನಿಂದ ಮೆಸೇಜು ಬಂತು. ಊಟ ಆತು ಆಂಟಿ.

ಶುಕ್ರವಾರ ಸ್ಕ್ಯಾನ್ ಸೆಂಟರಿನ ನೆಲಮಾಳಿಗೆಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಏಸಿಯ ತಣ್ಣಗಾಳಿಗೆ ಕೋಕಿಲಾ ಸೆರಗು ಹೊದ್ದುಕೊಂಡಿದ್ದಳು. ಹೆಸರು ಕರೆಯುವ ಹೊತ್ತಾಯಿತೆಂದು ಜಯಂತ ಅವಳ ಕಿವಿಯ ಕಡೆ ಬಾಗಿ ಎಂದಿನಂತೆ ಆ ವಚನ ಹೇಳಿದ. ಅವಳೂ ಹೇಳಲೆಂದು ಕಾದ. ಅವಳು ಅವನ ಮೊಣಕಾಲನ್ನು ಒಮ್ಮೆ ತಟ್ಟಿ, "ಹೊರಗೆ ಹೋಗಿ ಕಾಫಿ ಕುಡೀರಿ. ಹೊತ್ತಾಗುತ್ತೆ," ಅಂದಳು.

"ಒಡವೆ ಏನೂ ಇರಬಾರದಮ್ಮ," ಎಂದಳು ನರ್ಸು, ಬಾಗಿಲು ಹಿಡಿದುಕೊಂಡು.

ಸರ, ಓಲೆ ಬಿಚ್ಚಿ ಕೊಟ್ಟಾಯಿತು. ಎರಡು ಬಂಗಾರದ ಬಳೆ ಉಳಿದಿದ್ದವು. ಮದುವೆಯಲ್ಲಿ ಹಾಕಿದ್ದು, ಸೋಪು ಹಚ್ಚಿ ತಿರುವಿ ಎಳೆಯದೆ ಎಂದೂ ಬಂದದ್ದಿಲ್ಲ. ಕಳೆದ ಸಲವೂ ನರ್ಸು ಸೋಪಿನ ನೀರು ತಂದುಕೊಟ್ಟು ಗೊಣಗಿದ್ದಳು. ಜಯಂತ ವಾಷ್‌ಬೇಸಿನ್ನಿನ ಕಡೆ ಹೊರಟ.

"ಬೇಡ," ಅಂದಳು ಕೋಕಿಲಾ.

ಅವನು ತಿರುಗಿ ಬಂದು ಕೈಯೊಡ್ಡಿದ. ಅವಳು ಕೈಯನ್ನು ಸುಮ್ಮನೆ ಕೆಳಗೆ ಬಿಟ್ಟಳು. ಬಳೆಗಳು ತಾವಾಗಿ ಜಾರಿ, ಒಂದರ ಹಿಂದೆ ಒಂದು, ಅವನ ಅಂಗೈಗೆ ಬಿದ್ದವು.